ಸೌರಶಕ್ತಿಯ ಲೆಕ್ಕದಲ್ಲಿ ಗುಜರಿಯ ಬಾಬತ್ತು

ಕಾರ್ಖಾನೆಯ ಚಾವಣಿಯ ಮೇಲೆ ಸೌರಫಲಕಗಳನ್ನು ಅಳವಡಿಸಲು ಹೊರಟ ಸಣ್ಣ ಉದ್ಯಮಿಯ ಮುಂದೆ ಮಾರಾಟಗಾರರು ಇರಿಸುವ ಕೊಟೇಶನ್ನಿನಲ್ಲಿ ಸಾಮಾನ್ಯವಾಗಿ ಮೂರು ಅಂಕಿಗಳು ಎದ್ದು ಕಾಣುತ್ತವೆ. ಕಿಲೋವಾಟಿಗೆ ತಗಲುವ ವೆಚ್ಚ, ವರ್ಷಕ್ಕೆ ಉಳಿತಾಯವಾಗುವ ವಿದ್ಯುತ್ ಬಿಲ್ಲು, ಹೂಡಿದ ಬಂಡವಾಳ ಹಿಂದಿರುಗಲು ಬೇಕಾಗುವ ವರ್ಷಗಳು. ಇವುಗಳ ಜೊತೆಗೆ ಇರಲೇಬೇಕಾದ ನಾಲ್ಕನೆಯ ಅಂಕಿಯೊಂದು ಯಾವ ಕೊಟೇಶನ್ನಿನಲ್ಲೂ ಕಾಣಿಸಿಕೊಳ್ಳುವುದಿಲ್ಲ. ಫಲಕ ಮತ್ತು ಬ್ಯಾಟರಿಗಳ ಆಯುಷ್ಯ ಮುಗಿದ ದಿನ ಅವುಗಳನ್ನು ಯಾರು, ಯಾವ ಬೆಲೆಗೆ, ಎಲ್ಲಿಗೆ ಒಯ್ಯುತ್ತಾರೆ ಎಂಬುದೇ ಆ ಅಂಕಿ. ಹಳೆಯ ಲೇತ್ ಯಂತ್ರವೊಂದನ್ನು ಕೊಳ್ಳುವಾಗಲೂ ಅದರ ಗುಜರಿ ಬೆಲೆಯನ್ನು ಮನಸ್ಸಿನಲ್ಲೇ ಎಣಿಸಿಕೊಳ್ಳುವ ವರ್ತಕ, ಲಕ್ಷಾಂತರ ರೂಪಾಯಿಗಳ ಸೌರೋಪಕರಣದ ವಿಷಯದಲ್ಲಿ ಮಾತ್ರ ಆ ಪ್ರಶ್ನೆಯನ್ನೇ ಎತ್ತುವುದಿಲ್ಲ ಎಂಬುದು ವಿಚಿತ್ರವಾದರೂ ಸತ್ಯ.

ಪ್ರಶ್ನೆ ಚಿಕ್ಕದೆಂದು ಕಡೆಗಣಿಸುವ ಕಾಲ ಕಳೆದಿದೆ. ದೇಶದ ಸೌರ ವಿದ್ಯುತ್ ಸ್ಥಾಪಿತ ಸಾಮರ್ಥ್ಯವು 2025ರ ಜನವರಿಯಲ್ಲಿ 100 ಗಿಗಾವಾಟ್ ದಾಟಿತು. 2024ರ ಫೆಬ್ರುವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆ ಒಂದು ಕೋಟಿ ಮನೆಗಳ ಚಾವಣಿಯನ್ನು ಗುರಿಯಾಗಿರಿಸಿಕೊಂಡಿದೆ. 2025ರ ಸೆಪ್ಟೆಂಬರ್ 22ರಿಂದ ಸೌರೋಪಕರಣಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಫಲಕಗಳು ಹರಡಿಕೊಂಡಿವೆ. ಇವೆಲ್ಲವೂ ಸಂತೋಷದ ಸಂಗತಿಗಳೇ. ಆದರೆ ಏರಿದ ಫಲಕವೆಲ್ಲ ಒಂದು ದಿನ ಇಳಿಯಲೇಬೇಕು. ಅಂತರರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆಯು 2016ರಲ್ಲಿ ಪ್ರಕಟಿಸಿದ ಅಂದಾಜಿನಂತೆ 2050ರ ವೇಳೆಗೆ ಜಗತ್ತಿನಲ್ಲಿ ಸೌರಫಲಕ ತ್ಯಾಜ್ಯದ ಒಟ್ಟು ಮೊತ್ತ 7.8 ಕೋಟಿ ಟನ್‌ಗಳವರೆಗೆ ತಲುಪಬಹುದು. ನಮ್ಮ ದೇಶದಲ್ಲಿ 2023ರ ಮಾರ್ಚ್ ವೇಳೆಗೆ ಅಳವಡಿಸಲಾಗಿದ್ದ ಸ್ಥಾವರಗಳಿಂದಲೇ 2030ರ ಹೊತ್ತಿಗೆ 3.4 ಲಕ್ಷ ಟನ್ ತ್ಯಾಜ್ಯ ಸೇರಲಿದೆಯೆಂದೂ, ಅದರ ಮೂರನೆಯ ಎರಡು ಭಾಗ ಕರ್ನಾಟಕವೂ ಸೇರಿದಂತೆ ಐದೇ ರಾಜ್ಯಗಳಿಂದ ಬರುವುದೆಂದೂ ದೆಹಲಿಯ ಇಂಧನ, ಪರಿಸರ ಮತ್ತು ಜಲ ಮಂಡಳಿ ಎಂಬ ಅಧ್ಯಯನ ಸಂಸ್ಥೆ 2024ರಲ್ಲಿ ಅಂದಾಜು ಮಾಡಿದೆ.

ಬಿಸಿನೀರಿನ ತೊಟ್ಟಿಯ ಪಾಠ

ಸೌರಶಕ್ತಿಯನ್ನು ಪರಿವರ್ತಿಸಿ ಸಂಗ್ರಹಿಸುವ ಅತ್ಯಂತ ಹಳೆಯ, ಅತ್ಯಂತ ಸರಳವಾದ ಉಪಕರಣ ಬೆಂಗಳೂರಿಗರಿಗೆ ಚಿರಪರಿಚಿತ. ಅದೆಂದರೆ ಸೌರ ನೀರು ಕಾಯಿಸುವ ಸಾಧನ. ನಿಗದಿತ ಅಳತೆಯ ಕಟ್ಟಡಗಳಿಗೆ ಇದನ್ನು ಕಡ್ಡಾಯಗೊಳಿಸಿ ರಾಜ್ಯ ಸರ್ಕಾರವು 2007ರಲ್ಲಿ ಆದೇಶ ಹೊರಡಿಸಿದ ಬಳಿಕ ಅನೇಕ ಸಣ್ಣ ತಯಾರಕರು ಇದರಿಂದ ಬಾಳು ಕಂಡರು. ಚಪ್ಪಟೆ ಫಲಕದ ಮಾದರಿಯಲ್ಲಿ ತಾಮ್ರದ ಕೊಳವೆ ಹಾಗೂ ತಗಡು, ಮೇಲೆ ಗಾಜು, ಸುತ್ತ ಅಲ್ಯೂಮಿನಿಯಂ ಚೌಕಟ್ಟು, ಪಕ್ಕದಲ್ಲಿ ಶಾಖ ಹೊರಹೋಗದಂತೆ ಹೊದಿಕೆ ಹಾಕಿದ ಉಕ್ಕಿನ ತೊಟ್ಟಿ. ಇಪ್ಪತ್ತು ವರ್ಷಗಳ ನಂತರ ಇದನ್ನು ಸ್ಪಾನರ್ ಹಿಡಿದು ಬಿಚ್ಚಬಹುದು. ತಾಮ್ರ ತಾಮ್ರದ ವ್ಯಾಪಾರಿಗೆ, ಅಲ್ಯೂಮಿನಿಯಂ ಅದರ ವ್ಯಾಪಾರಿಗೆ, ಉಕ್ಕು ಉಕ್ಕಿನವನಿಗೆ. ಶಕ್ತಿಯನ್ನು ಸಂಗ್ರಹಿಸಿದ ವಸ್ತುವಾದರೋ ಬರಿಯ ನೀರು.

ಚೀನಾದಿಂದ ಬಂದ ನಿರ್ವಾತ ಗಾಜಿನ ಕೊಳವೆಗಳ ಮಾದರಿ ಅಗ್ಗವೆಂಬ ಕಾರಣಕ್ಕೆ ಮುಂದೆ ಈ ಮಾರುಕಟ್ಟೆಯ ದೊಡ್ಡ ಪಾಲನ್ನು ಹಿಡಿಯಿತು. ತಾಮ್ರದ ಮಾದರಿ ದುಬಾರಿಯೆಂದು ಗ್ರಾಹಕ ದೂರಿದಾಗ, ಆ ಹೆಚ್ಚಿನ ಹಣದ ಒಂದಂಶ ತಾಮ್ರದ ರೂಪದಲ್ಲಿ ಚಾವಣಿಯ ಮೇಲೆಯೇ ಠೇವಣಿಯಾಗಿ ಉಳಿದಿದೆ ಎಂದು ವಿವರಿಸಿ ಹೇಳಿದ ಮಾರಾಟಗಾರರು ವಿರಳ. ಒಡೆದ ಗಾಜಿನ ಕೊಳವೆಯನ್ನು ಕೇಳುವವರಿಲ್ಲ. ಕೊಳ್ಳುವ ಬೆಲೆಯೊಂದನ್ನೇ ನೋಡುವ ಮಾರುಕಟ್ಟೆಯು ಬಾಳಿಕೆಯ ವಸ್ತುವನ್ನು ಹೇಗೆ ಹಿಂದಕ್ಕೆ ತಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ವಿದ್ಯುತ್ ಉತ್ಪಾದಿಸುವ ಫಲಕದ ಕಥೆ ಬೇರೆ. ಸಾಮಾನ್ಯ ಸಿಲಿಕಾನ್ ಫಲಕದ ತೂಕದಲ್ಲಿ ಮುಕ್ಕಾಲು ಭಾಗದಷ್ಟು ಗಾಜು, ಸುಮಾರು ಶೇ. 10 ಪ್ಲಾಸ್ಟಿಕ್, ಶೇ. 8 ಅಲ್ಯೂಮಿನಿಯಂ, ಶೇ. 5 ಸಿಲಿಕಾನ್, ಶೇ. 1ರಷ್ಟು ತಾಮ್ರ, ಬೆಳ್ಳಿ ಸಾವಿರದಲ್ಲಿ ಒಂದು ಪಾಲೂ ಇಲ್ಲ. ಆ ಕಿಂಚಿತ್ ಬೆಳ್ಳಿಯನ್ನು ಹಗುರವಾಗಿ ಕಾಣುವಂತಿಲ್ಲ. 2024ರಲ್ಲಿ ಜಗತ್ತಿನ ಸೌರಫಲಕ ಉದ್ಯಮವು ಸುಮಾರು 6,000 ಟನ್ ಬೆಳ್ಳಿಯನ್ನು ಬಳಸಿತು. ಇದು ಆ ವರ್ಷದ ಒಟ್ಟು ಬೇಡಿಕೆಯ ಸುಮಾರು ಆರನೆಯ ಒಂದು ಭಾಗ. ಬೆಳ್ಳಿಯ ಬದಲು ತಾಮ್ರವನ್ನು ಬಳಸುವ ಪ್ರಯತ್ನಗಳು ತಯಾರಕರಲ್ಲಿ ನಡೆಯುತ್ತಿರುವುದಕ್ಕೆ ಪರಿಸರ ಕಾಳಜಿಗಿಂತ ಈ ಲೋಹದ ಧಾರಣೆಯೇ ಮುಖ್ಯ ಕಾರಣ.

ತೊಡಕು ಇರುವುದು ಈ ವಸ್ತುಗಳ ಬೆಲೆಯಲ್ಲಿ ಅಲ್ಲ, ಅವು ಒಂದಕ್ಕೊಂದು ಅಂಟಿಕೊಂಡಿರುವ ರೀತಿಯಲ್ಲಿ. ಇಪ್ಪತ್ತೈದು ವರ್ಷ ಮಳೆನೀರು ಒಳಹೋಗಬಾರದೆಂದು ಗಾಜು, ಪ್ಲಾಸ್ಟಿಕ್ ಮತ್ತು ಸಿಲಿಕಾನ್ ಬಿಲ್ಲೆಗಳನ್ನು ಶಾಖ ಮತ್ತು ಒತ್ತಡದಿಂದ ಒಂದಾಗಿ ಬೆಸೆಯಲಾಗುತ್ತದೆ. ಬಾಳಿಕೆಗೆ ಕಾರಣವಾದ ಆ ಬೆಸುಗೆಯೇ ಕೊನೆಯಲ್ಲಿ ಬಿಡಿಸಲಾಗದ ಗಂಟಾಗುತ್ತದೆ. ಗುಜರಿ ವ್ಯಾಪಾರಿ ಅಲ್ಯೂಮಿನಿಯಂ ಚೌಕಟ್ಟನ್ನು ಕಳಚಿ, ತಾಮ್ರದ ಕೇಬಲನ್ನು ಕತ್ತರಿಸಿಕೊಂಡು ಉಳಿದುದನ್ನು ಬಿಟ್ಟುಹೋಗುತ್ತಾನೆ. ಅವನನ್ನು ದೂಷಿಸುವುದು ತರವಲ್ಲ. ಉಳಿದುದರಲ್ಲಿ ಅವನಿಗೆ ಲಾಭವಿಲ್ಲ. ಆದರೆ ಆ ಉಳಿಕೆಯ ಬೆಸುಗೆಯಲ್ಲಿ ಅಲ್ಪ ಪ್ರಮಾಣದ ಸೀಸವಿದೆ, ಅನೇಕ ಫಲಕಗಳ ಹಿಂಬದಿಯ ಹಾಳೆಯಲ್ಲಿ ಫ್ಲೋರಿನ್ ಇರುವ ಪ್ಲಾಸ್ಟಿಕ್ ಇದೆ. ಅದನ್ನು ಬಯಲಿನಲ್ಲಿ ಸುಟ್ಟರೆ ಹೊರಡುವ ಅನಿಲ ವಿಷಕಾರಿ. ಎರಡೂ ಬದಿಗೆ ಗಾಜು ಇರುವ ಫಲಕಗಳಲ್ಲಿ ಈ ಹಾಳೆ ಇರುವುದಿಲ್ಲ. ತೂಕ ಸ್ವಲ್ಪ ಹೆಚ್ಚಾದರೂ ಚಾವಣಿ ಹೊರುವಂತಿದ್ದರೆ ಅವನ್ನೇ ಆರಿಸುವುದು ಲೇಸು.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಬೆಣಚುಕಲ್ಲನ್ನು ಕುಲುಮೆಯಲ್ಲಿ ಕರಗಿಸಿ ಶುದ್ಧ ಸಿಲಿಕಾನ್ ಪಡೆಯಲು ಅಪಾರ ವಿದ್ಯುತ್ ಬೇಕಾಗುವುದರಿಂದ ಫಲಕವು ತಾನು ನುಂಗಿದಷ್ಟು ಶಕ್ತಿಯನ್ನು ಎಂದೂ ಹಿಂದಿರುಗಿಸದು ಎಂಬ ಮಾತು ಈಗಲೂ ಅಲ್ಲಲ್ಲಿ ಕೇಳಿಬರುತ್ತದೆ. ಇದು ಸುಳ್ಳು. ನಮ್ಮಂತಹ ಬಿಸಿಲಿನ ನಾಡಿನಲ್ಲಿ ಇಂದಿನ ಫಲಕ ಆ ಸಾಲವನ್ನು ಸುಮಾರು ಒಂದು ವರ್ಷದಲ್ಲಿ ತೀರಿಸುತ್ತದೆ. ಆಕ್ಷೇಪಣೆಯಿರುವುದು ಫಲಕದ ಜನ್ಮಕ್ಕಲ್ಲ, ಅಂತ್ಯಕ್ಕೆ.

ಸೀಸಕ್ಕೆ ಬೆಲೆಯಿದೆ, ಆದರೆ...

ಗುಜರಿ ಬೆಲೆಯೊಂದಿದ್ದರೆ ಎಲ್ಲವೂ ಸುಸೂತ್ರವಾಗುತ್ತದೆ ಎಂದು ವರ್ತಕ ಸಹಜವಾಗಿಯೇ ಭಾವಿಸಬಹುದು. ಸೀಸದ ಬ್ಯಾಟರಿಯ ಇತಿಹಾಸ ಈ ನಂಬಿಕೆಯನ್ನು ಅಲುಗಾಡಿಸುತ್ತದೆ. ಅಂಗಡಿ, ಕಚೇರಿ, ಸಣ್ಣ ಕಾರ್ಖಾನೆಗಳಲ್ಲಿ ಇನ್ವರ್ಟರಿಗೆ ಜೋಡಿಸುವ 150 ಆಂಪಿಯರ್-ಅವರ್ ಬ್ಯಾಟರಿ ಐವತ್ತು ಕಿಲೋಗಿಂತ ಹೆಚ್ಚು ತೂಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ ಮತ್ತು ಸೀಸದ ಸಂಯುಕ್ತಗಳು. ಸೀಸವನ್ನು ಗುಣಕ್ಕೆ ಕುಂದಿಲ್ಲದಂತೆ ಮತ್ತೆ ಮತ್ತೆ ಕರಗಿಸಿ ಬಳಸಬಹುದು. ಈ ದೃಷ್ಟಿಯಿಂದ ಇದಕ್ಕಿಂತ ಸುಸ್ಥಿರವಾದ ಸಂಗ್ರಹಣಾ ವಸ್ತು ಬೇರೊಂದಿಲ್ಲವೆಂದು ವಾದಿಸಲೂಬಹುದು. ಕರಗಿಸಲು 327 ಡಿಗ್ರಿ ಸೆಲ್ಸಿಯಸ್ ಶಾಖ ಸಾಕು. ಅಪಾಯ ಹುಟ್ಟುವುದು ಇಲ್ಲಿಂದಲೇ. ಊರಾಚೆಯ ಗುಂಡಿಯಲ್ಲಿ ಸೌದೆಯ ಬೆಂಕಿಯ ಮೇಲೂ ಕರಗುವ ಲೋಹಕ್ಕೆ ಕಾರ್ಖಾನೆಯೇ ಬೇಕೆಂದಿಲ್ಲ. ಆಮ್ಲವನ್ನು ಮೋರಿಗೆ ಚೆಲ್ಲಿ, ಹೊಗೆಯನ್ನು ಗಾಳಿಗೆ ಬಿಟ್ಟು ಕೆಲಸ ಮುಗಿಸುವವನು ನೋಂದಾಯಿತ ಮರುಬಳಕೆದಾರನಿಗಿಂತ ಕಿಲೋವಿಗೆ ಹೆಚ್ಚು ದರ ಕೊಡಬಲ್ಲ. ಹೊಗೆ ಶೋಧಕ, ನೀರಿನ ಸಂಸ್ಕರಣೆ, ಕಾರ್ಮಿಕರ ರಕ್ತಪರೀಕ್ಷೆ ಇವಾವುದರ ಖರ್ಚೂ ಅವನಿಗಿಲ್ಲ.

ಆ ಖರ್ಚನ್ನು ಬೇರೆಯವರು ತೆರುತ್ತಾರೆ. ಬೆಂಗಳೂರಿನ ಜಾರ್ಜ್ ಫೌಂಡೇಶನ್ 1990ರ ದಶಕದ ಕೊನೆಯಲ್ಲಿ ದೇಶದ ಏಳು ನಗರಗಳಲ್ಲಿ ನಡೆಸಿದ ಪರೀಕ್ಷೆಯಲ್ಲಿ ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ರಕ್ತದಲ್ಲಿ ಅಂದಿನ ಎಚ್ಚರಿಕೆಯ ಮಟ್ಟವನ್ನು ಮೀರಿ ಸೀಸ ಕಂಡುಬಂದಿತ್ತು. ಅಂದು ಮುಖ್ಯ ಆರೋಪಿ ಸೀಸಭರಿತ ಪೆಟ್ರೋಲ್. ಅದು 2000ದಲ್ಲಿ ದೇಶದಿಂದ ನಿರ್ಗಮಿಸಿತು. ಸೀಸ ಮಾತ್ರ ಹೋಗಲಿಲ್ಲ. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು 2020ರಲ್ಲಿ ಪ್ರಕಟಿಸಿದ ವರದಿಯು ಜಗತ್ತಿನ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಕಳವಳಕಾರಿ ಮಟ್ಟದ ಸೀಸವಿದೆಯೆಂದೂ ಅವರಲ್ಲಿ ಸುಮಾರು 27.5 ಕೋಟಿ ಮಕ್ಕಳು ಭಾರತದವರೆಂದೂ ಅಂದಾಜು ಮಾಡಿ, ಹಳೆಯ ಬ್ಯಾಟರಿಗಳ ಅಸುರಕ್ಷಿತ ಮರುಬಳಕೆಯನ್ನು ಪ್ರಮುಖ ಕಾರಣಗಳಲ್ಲೊಂದೆಂದು ಹೆಸರಿಸಿತು. ಮಗುವಿನ ಮಿದುಳಿಗೆ ಆದ ಹಾನಿ ಮುಂದೆ ಸರಿಹೋಗುವಂಥದ್ದಲ್ಲ. ಬೀದಿಯಲ್ಲಿ ಬಂದ ಗುಜರಿಯವನಿಗೆ ರಸೀತಿಯಿಲ್ಲದೆ ಬ್ಯಾಟರಿ ಕೊಟ್ಟು ಒಂದೆರಡು ನೂರು ರೂಪಾಯಿ ಹೆಚ್ಚು ಪಡೆದ ವರ್ತಕನಿಗೆ ಈ ವ್ಯವಹಾರದ ಪೂರ್ಣ ಲೆಕ್ಕ ತಿಳಿದಿರುವುದಿಲ್ಲ. ತಿಳಿದಿದ್ದರೆ ಬಹುಪಾಲು ಮಂದಿ ಕೊಡಲಾರರು.

ಕಾನೂನಿಗೆ ಕೊರತೆಯಿಲ್ಲ. ಹಳೆಯ ಬ್ಯಾಟರಿಯನ್ನು ಹಿಂಪಡೆಯುವ ಹೊಣೆಯನ್ನು ತಯಾರಕರು ಮತ್ತು ಮಾರಾಟಗಾರರ ಮೇಲೆ ಹೊರಿಸಿದ ನಿಯಮ 2001ರಲ್ಲೇ ಬಂದಿತ್ತು. 2022ರ ಆಗಸ್ಟಿನಲ್ಲಿ ಅದರ ಸ್ಥಾನಕ್ಕೆ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಎಲ್ಲ ಬಗೆಯ ಬ್ಯಾಟರಿಗಳಿಗೂ ವಿಸ್ತರಿಸಿ ಉತ್ಪಾದಕನ ಹೊಣೆಯನ್ನು ಇನ್ನಷ್ಟು ಬಿಗಿಗೊಳಿಸಿದವು. ಕೊಡುವ ಕೈಯೇ ತಪ್ಪು ದಾರಿಯಲ್ಲಿ ಕೊಟ್ಟರೆ ನಿಯಮಗಳು ಏನು ಮಾಡಬಲ್ಲವು?

ತಾಂತ್ರಿಕವಾಗಿಯೂ ಸೀಸದ ಬ್ಯಾಟರಿ ನಮ್ಮ ಹವೆಗೆ ಒಗ್ಗಿದ್ದಲ್ಲ. ಇಪ್ಪತ್ತೈದು ಡಿಗ್ರಿಯ ಮೇಲೆ ಸುಮಾರು ಹತ್ತು ಡಿಗ್ರಿ ಏರಿದಂತೆಲ್ಲ ಅದರ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂಬುದು ಈ ಕಸುಬಿನವರ ರೂಢಿಯ ಲೆಕ್ಕ. ಕಲಬುರಗಿ, ರಾಯಚೂರಿನ ಬೇಸಗೆಯಲ್ಲಿ ತಗಡಿನ ಶೆಡ್ಡಿನೊಳಗೆ ಇರಿಸಿದ ಬ್ಯಾಟರಿಯ ಗತಿಯನ್ನು ಊಹಿಸಿಕೊಳ್ಳಬಹುದು. ಹೆಚ್ಚು ಕಾಲ ಬಾಳಬೇಕಾದರೆ ಅದರ ಸಾಮರ್ಥ್ಯದ ಅರ್ಧದಷ್ಟನ್ನು ಮಾತ್ರ ಬಳಸಬೇಕೆಂಬ ಕಟ್ಟಳೆ ಬೇರೆ.

ಕಬ್ಬಿಣ, ರಂಜಕ, ತೆಂಗಿನ ಕರಟ

ಲಿಥಿಯಂ ಬ್ಯಾಟರಿಗಳೆಲ್ಲ ಒಂದೇ ಜಾತಿಯವಲ್ಲ. ಕೋಬಾಲ್ಟ್ ಮತ್ತು ನಿಕಲ್ ಇರುವ ಬಗೆಯಲ್ಲಿ ಶಕ್ತಿಯ ಸಾಂದ್ರತೆ ಹೆಚ್ಚು, ಬೆಲೆಯೂ ಹೆಚ್ಚು. ಜಗತ್ತಿನ ಕೋಬಾಲ್ಟ್ ಗಣಿಗಾರಿಕೆಯ ಮೂರನೆಯ ಎರಡು ಭಾಗಕ್ಕೂ ಹೆಚ್ಚು ಕಾಂಗೋ ಎಂಬ ಒಂದೇ ದೇಶದಲ್ಲಿದ್ದು, ಅಲ್ಲಿ ಮಕ್ಕಳ ದುಡಿಮೆಯ ಆರೋಪಗಳು ಮೊದಲಿನಿಂದಲೂ ಇವೆ. 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಒಬ್ಬರಾದ ಜಾನ್ ಗುಡ್‌ಇನಫ್ ಅವರ ತಂಡ 1990ರ ದಶಕದಲ್ಲಿ ರೂಪಿಸಿದ ಲಿಥಿಯಂ ಐರನ್ ಫಾಸ್ಫೇಟ್ ಬಗೆಯಲ್ಲಿ ಈ ಎರಡು ಲೋಹಗಳೂ ಇಲ್ಲ. ಕಬ್ಬಿಣ ಮತ್ತು ರಂಜಕ ಅವುಗಳ ಜಾಗದಲ್ಲಿವೆ. ತೂಕ ಕೊಂಚ ಹೆಚ್ಚು. ನೆಲದ ಮೇಲೆ ಕೂರುವ ಬ್ಯಾಟರಿಗೆ ಅದು ದೋಷವಲ್ಲ. ಬೆಂಕಿಯ ಭಯ ಕಡಿಮೆ, ಸಾವಿರಾರು ಬಾರಿ ತುಂಬಿ ಬರಿದು ಮಾಡಬಹುದು, ಸಾಮರ್ಥ್ಯದ ಶೇ. 80ರಿಂದ 90ರಷ್ಟನ್ನು ಬಳಸಬಹುದು. ಇದರಿಂದಾಗಿ ಆಂಪಿಯರ್-ಅವರ್ ಅಂಕಿಗೆ ಅಂಕಿ ಇಟ್ಟು ಸೀಸದ ಬ್ಯಾಟರಿಯ ಜೊತೆ ಬೆಲೆ ಹೋಲಿಸುವುದು ಸರಿಯಲ್ಲ. ಸಣ್ಣ ಕಾರ್ಖಾನೆಗೆ ಬ್ಯಾಟರಿ ಅನಿವಾರ್ಯವಾದಲ್ಲಿ ಇಂದು ಆರಿಸಬೇಕಾದದ್ದು ಇದನ್ನೇ.

ಹೀಗಿದ್ದರೂ ಇದರಲ್ಲೊಂದು ವಿಪರ್ಯಾಸವಿದೆ. ಕಬ್ಬಿಣಕ್ಕೂ ರಂಜಕಕ್ಕೂ ಬೆಲೆಯಿಲ್ಲದ್ದರಿಂದ ಈ ಬ್ಯಾಟರಿಗೆ ಸೀಸದ ಬ್ಯಾಟರಿಗಿರುವಂಥ ಗುಜರಿ ಬೆಲೆಯೂ ಇಲ್ಲ. ಕೋಬಾಲ್ಟ್ ಇದ್ದಿದ್ದರೆ ಹುಡುಕಿಕೊಂಡು ಬರುತ್ತಿದ್ದ ಮರುಬಳಕೆದಾರ ಇದರ ಕಡೆ ಅಷ್ಟಾಗಿ ಹೊರಳಿ ನೋಡುವುದಿಲ್ಲ. ಹಾನಿಕರವಾದ ಸೀಸಕ್ಕೆ ನೂರು ಗಿರಾಕಿಗಳು, ಹೆಚ್ಚು ನಿರಪಾಯವಾದ ಬ್ಯಾಟರಿಗೆ ಕೇಳುವವರಿಲ್ಲ! ಗುಜರಿಯ ಮಾರುಕಟ್ಟೆಯ ವಿವೇಕವನ್ನೇ ನಂಬಿ ಕೂರಲಾಗದು ಎಂಬುದಕ್ಕೆ ಇದೇ ಸಾಕ್ಷಿ.

ಲಿಥಿಯಂ ನಮ್ಮ ನೆಲದಲ್ಲೇ ಸಿಗುವುದೆಂಬ ಆಸೆಯನ್ನೂ ಮಿತವಾಗಿಡಬೇಕು. ಮಂಡ್ಯ ಜಿಲ್ಲೆಯ ಮರ್ಲಗಲ್ಲ ಪ್ರದೇಶದ ನಿಕ್ಷೇಪದ ಬಗ್ಗೆ 2020ರಲ್ಲಿ ದೊಡ್ಡ ಅಂಕಿಗಳು ಪತ್ರಿಕೆಗಳಲ್ಲಿ ಮೆರೆದವು. 2021ರಲ್ಲಿ ಅಣುಶಕ್ತಿ ಇಲಾಖೆ ಪ್ರಕಟಿಸಿದ ಪ್ರಾಥಮಿಕ ಅಂದಾಜು 1,600 ಟನ್ ಮಾತ್ರ. ಉಪ್ಪಿನಲ್ಲಿರುವ ಸೋಡಿಯಂ ಆಧಾರಿತ ಬ್ಯಾಟರಿ ಇದಕ್ಕಿಂತ ಹೆಚ್ಚು ಭರವಸೆ ಮೂಡಿಸುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಆರು ನಿಮಿಷಗಳಲ್ಲಿ ಶೇ. 80ರಷ್ಟು ತುಂಬಿಕೊಳ್ಳುವ, 3,000ಕ್ಕೂ ಹೆಚ್ಚು ಬಾರಿ ಬಳಸಬಹುದಾದ ಸೋಡಿಯಂ ಬ್ಯಾಟರಿಯನ್ನು 2025ರಲ್ಲಿ ಪ್ರಕಟಪಡಿಸಿದರು. ಈ ಬಗೆಯ ಬ್ಯಾಟರಿಗಳಲ್ಲಿ ತಾಮ್ರದ ಹಾಳೆಯ ಬದಲು ಅಲ್ಯೂಮಿನಿಯಂ ಸಾಕು. ಋಣಧ್ರುವಕ್ಕೆ ಬಳಸುವ ಗಟ್ಟಿ ಇಂಗಾಲವನ್ನು ತೆಂಗಿನ ಕರಟದಿಂದ ತಯಾರಿಸಬಹುದು. ಜಪಾನಿನ ಕಂಪನಿಯೊಂದು ಸಸ್ಯಮೂಲದ ಅಂಥ ಇಂಗಾಲವನ್ನು ಮಾರುಕಟ್ಟೆಗೂ ತಂದಿದೆ. ತಿಪಟೂರು, ಅರಸೀಕೆರೆಗಳ ಕೊಬ್ಬರಿ ವರ್ತಕರಿಗೆ ಕರಟವೆಂದರೆ ಇಂದು ಇದ್ದಿಲಿನ ಕಚ್ಚಾವಸ್ತು. ಬ್ಯಾಟರಿಗೆ ಬೇಕಾದ ಶುದ್ಧತೆಯನ್ನು ಸಾಧಿಸಲು ಹೆಚ್ಚಿನ ಉಷ್ಣತೆಯ ಕುಲುಮೆ, ಪ್ರಯೋಗಾಲಯ, ಬಂಡವಾಳ ಎಲ್ಲವೂ ಬೇಕು. ನಾಳೆಯೇ ಆಗುವ ಕೆಲಸವಲ್ಲ. ಆದರೂ ಕರಟವನ್ನು ಲಾರಿಯಲ್ಲಿ ಹೊರರಾಜ್ಯಕ್ಕೆ ಕಳುಹಿಸಿ, ಅದೇ ಇಂಗಾಲವನ್ನು ಬ್ಯಾಟರಿಯ ಒಳಗಿಟ್ಟು ಮರಳಿ ಕೊಳ್ಳುವ ದಿನ ಬರುವುದಕ್ಕೆ ಮೊದಲು ಆ ಭಾಗದ ಉದ್ಯಮಿಗಳು ಜಕ್ಕೂರಿನವರೆಗೆ ಒಮ್ಮೆ ಹೋಗಿಬರುವುದು ವ್ಯರ್ಥವಾಗದು.

ವಿದ್ಯುತ್ತಿನ ಬದಲು ಕೆಲಸದ ಸಂಗ್ರಹ

ಹಗಲಿನಲ್ಲೇ ನಡೆಯುವ, ವಿದ್ಯುತ್ ಜಾಲದ ಸಂಪರ್ಕವಿರುವ ಘಟಕಕ್ಕೆ ದೊಡ್ಡ ಬ್ಯಾಟರಿಯ ಅಗತ್ಯವೇ ಕಡಿಮೆ. ಇದನ್ನು ಬ್ಯಾಟರಿ ಮಾರುವವರು ಹೇಳುವುದಿಲ್ಲ. ಹಿಟ್ಟಿನ ಗಿರಣಿ ಹಗಲು ಬೀಸಿಟ್ಟರೆ ಸೂರ್ಯನ ಶಕ್ತಿ ಹಿಟ್ಟಿನ ರೂಪದಲ್ಲಿ ಸಂಗ್ರಹವಾದಂತೆ. ಬ್ಯಾಡಗಿಯ ಮೆಣಸಿನಕಾಯಿ ಶೀತಲಗೃಹದಲ್ಲಿ ಮಧ್ಯಾಹ್ನದ ಬಿಸಿಲಿನಲ್ಲಿ ಕಂಪ್ರೆಸರ್ ಓಡಿಸಿ ಮಂಜುಗಡ್ಡೆಯನ್ನೋ ಉಪ್ಪಿನ ದ್ರಾವಣವನ್ನೋ ಹೆಪ್ಪುಗಟ್ಟಿಸಿಟ್ಟರೆ ಸಂಜೆಯ ಹೊರೆ ಇಳಿಯುತ್ತದೆ. ರಾಮನಗರ, ಶಿಡ್ಲಘಟ್ಟಗಳ ರೇಷ್ಮೆ ಬಿಚ್ಚಾಣಿಕೆದಾರರಿಗೂ ಬಳ್ಳಾರಿಯ ಜೀನ್ಸ್ ತೊಳೆಯುವ ಘಟಕಗಳಿಗೂ ಬೇಕಾದದ್ದು ಬಿಸಿನೀರು. ಅದನ್ನು ಚಾವಣಿಯ ಮೇಲೆ ಅರವತ್ತು ಡಿಗ್ರಿಯವರೆಗೆ ಕಾಯಿಸಿ, ಉಳಿದ ಶಾಖಕ್ಕೆ ಮಾತ್ರ ಸೌದೆ ಅಥವಾ ಅನಿಲವನ್ನು ಅವಲಂಬಿಸಬಹುದು. ಹಗಲಿನ ಸೌರ ಅವಧಿಯಲ್ಲಿ ವಿದ್ಯುತ್ ದರ ಕಡಿಮೆಯಿರಬೇಕು, ಸಂಜೆಯ ಗರಿಷ್ಠ ಬೇಡಿಕೆಯ ಅವಧಿಯಲ್ಲಿ ಹೆಚ್ಚಿರಬೇಕು ಎಂಬ ತತ್ತ್ವವನ್ನು ಕೇಂದ್ರ ಸರ್ಕಾರ 2023ರಲ್ಲಿ ನಿಯಮವಾಗಿಸಿರುವುದರಿಂದ ಈ ಕ್ರಮ ಮುಂದೆ ಇನ್ನಷ್ಟು ಲಾಭದಾಯಕವಾಗಲಿದೆ. ನೀರು, ಮಂಜುಗಡ್ಡೆ, ಹಿಟ್ಟು ಇವುಗಳಿಗೆ ಮರುಬಳಕೆಯ ನಿಯಮಾವಳಿ ಬೇಕಿಲ್ಲ.

ವಿದ್ಯುತ್ ಬಿಲ್ಲು ಕಟ್ಟುವುದೇ ಕಷ್ಟವಾಗಿರುವಾಗ ಇಪ್ಪತ್ತು ವರ್ಷಗಳಾಚೆಯ ತ್ಯಾಜ್ಯದ ಚಿಂತೆಯನ್ನು ಸಣ್ಣ ಉದ್ಯಮಿಯ ತಲೆಗೆ ಕಟ್ಟುವುದು ಸರಿಯೇ ಎಂಬ ಆಕ್ಷೇಪ ಬರುವುದುಂಟು. ಆಕ್ಷೇಪದಲ್ಲಿ ಹುರುಳಿದೆ. ಹೊಣೆ ಮೊದಲು ಉತ್ಪಾದಕನದು, ಆಮೇಲೆ ಸರ್ಕಾರದ್ದು. 2023ರ ಏಪ್ರಿಲ್‌ನಿಂದ ಜಾರಿಯಾದ ಇ-ತ್ಯಾಜ್ಯ ನಿಯಮಗಳಲ್ಲಿ ಸೌರಫಲಕಗಳು ಸೇರಿವೆ. ಆದರೆ 2034-35ರವರೆಗೆ ಬರುವ ಫಲಕ ತ್ಯಾಜ್ಯವನ್ನು ಉತ್ಪಾದಕರು ಸಂಗ್ರಹಿಸಿಡಬೇಕು ಎಂದು ನಿಯಮ ಹೇಳುತ್ತದೆ. ಹಾವೇರಿಯ ಅಕ್ಕಿ ಗಿರಣಿಯ ಚಾವಣಿಯಿಂದ ಇಳಿದ ಹತ್ತು ಒಡಕು ಫಲಕಗಳು ಆ ಸಂಗ್ರಹಾಗಾರವನ್ನು ಹೇಗೆ ತಲುಪಬೇಕು, ಸಾಗಣೆಯ ಬಾಡಿಗೆ ಯಾರದು ಎಂಬುದಕ್ಕೆ ನೆಲಮಟ್ಟದ ವ್ಯವಸ್ಥೆ ಇನ್ನೂ ರೂಪುಗೊಂಡಿಲ್ಲ. ಆಲಿಕಲ್ಲು, ಬಿರುಗಾಳಿ, ಸಾಗಣೆಯ ಅವಘಡಗಳಿಂದ ಫಲಕಗಳು ಇಪ್ಪತ್ತು ವರ್ಷ ಕಾಯದೆ ಈಗಲೇ ಇಳಿಯುತ್ತಿವೆ ಎಂಬುದನ್ನೂ ಮರೆಯಬಾರದು.

ಆದರೆ ವ್ಯಾಪಾರಿ ಸಮುದಾಯದ ಕೈಯಲ್ಲೇ ಒಂದು ಉಪಾಯ ಹಿಂದಿನಿಂದ ಇದೆ. ಹಳೆಯ ಬ್ಯಾಟರಿ ಕೊಟ್ಟರೆ ಹೊಸದರ ಬೆಲೆಯಲ್ಲಿ ಇಷ್ಟು ಕಡಿತ ಎಂಬ ಪದ್ಧತಿಯನ್ನು ಬ್ಯಾಟರಿ ಅಂಗಡಿಗಳು ದಶಕಗಳಿಂದ ನಡೆಸಿಕೊಂಡು ಬಂದಿವೆ. ಇದೇ ಪದ್ಧತಿಯನ್ನು ಲಿಥಿಯಂ ಬ್ಯಾಟರಿಗೂ ಫಲಕಕ್ಕೂ ವಿಸ್ತರಿಸಲು ಹೊಸ ಕಾಯಿದೆ ಬೇಕಾಗಿಲ್ಲ. ಕೈಗಾರಿಕಾ ವಸಾಹತುಗಳಲ್ಲಿ ಸಂಘದ ವತಿಯಿಂದ ಒಂದು ಮುಚ್ಚಿದ ಶೆಡ್ಡನ್ನು ಮೀಸಲಿಟ್ಟು, ಸದಸ್ಯ ಘಟಕಗಳ ಹಳೆಯ ಬ್ಯಾಟರಿ ಮತ್ತು ಫಲಕಗಳನ್ನು ಒಂದೆಡೆ ಸೇರಿಸಿದರೆ ಒಂದು ಲಾರಿಯ ಹೊರೆಯಾಗುತ್ತದೆ. ಲಾರಿ ತುಂಬುವಷ್ಟು ಸರಕಿದ್ದಾಗ ನೋಂದಾಯಿತ ಮರುಬಳಕೆದಾರ ತಾನೇ ಬರುತ್ತಾನೆ, ದರದಲ್ಲಿ ಚೌಕಾಸಿಗೂ ಅವಕಾಶವಿರುತ್ತದೆ. ವಾಣಿಜ್ಯ ಸಂಸ್ಥೆಗಳು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಅಧಿಕೃತ ಮರುಬಳಕೆದಾರರ ಪಟ್ಟಿ ಪಡೆದು ಸದಸ್ಯರಿಗೆ ಹಂಚಬಹುದು.

ಇನ್ನುಳಿದದ್ದು ಖರೀದಿ ಆದೇಶದಲ್ಲಿ ಒಂದು ಸಾಲಿನ ಸೇರ್ಪಡೆ: ಆಯುಷ್ಯ ಮುಗಿದ ಅಥವಾ ಒಡೆದ ಫಲಕ ಹಾಗೂ ಬ್ಯಾಟರಿಗಳನ್ನು ಮಾರಾಟಗಾರನು ತನ್ನ ವೆಚ್ಚದಲ್ಲಿ ಹಿಂಪಡೆದು, ಅಧಿಕೃತ ಮರುಬಳಕೆದಾರನ ರಸೀತಿಯ ಪ್ರತಿಯನ್ನು ಖರೀದಿದಾರನಿಗೆ ಒದಗಿಸತಕ್ಕದ್ದು. ಒಂಟಿ ಗಿರಾಕಿ ಈ ಷರತ್ತು ಹಾಕಿದರೆ ಮಾರಾಟಗಾರ ನಕ್ಕು ಸುಮ್ಮನಾಗಬಹುದು. ಒಂದೇ ವಸಾಹತಿನ ಇಪ್ಪತ್ತು ಘಟಕಗಳು ಒಟ್ಟಾಗಿ ಆದೇಶ ನೀಡಿದಾಗ ಅದೇ ಸಾಲನ್ನು ಅವನು ತೆಗೆದುಹಾಕಲಾರ.